ಕಣ್ಣಿನ ನೆರವಿಲ್ಲದೆ ಮೊಬೈಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ದೃಷ್ಟಿಯಿಲ್ಲದವರು ಮತ್ತು ಮಂದದೃಷ್ಟಿಯವರು ಬಳಸುವ ಮೊಬೈಲ್ ಫೋನುಗಳ ವಿನ್ಯಾಸವನ್ನು ಕುರಿತು ಬಂದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆಯಾಗಿ ಕೊಟ್ಟಿದ್ದೇವೆ.

ಪ್ರಶ್ನೆ: ಹಳೆಯ ಕೀಪ್ಯಾಡ್ ಫೋನುಗಳಲ್ಲಿ ಗುಂಡಿಗಳನ್ನು ಬೆರಳಿನಿಂದಲೇ ಗುರುತಿಸಬಹುದಿತ್ತು. ಈಗಿನ ಫೋನಿನ ಮುಂಭಾಗವೆಲ್ಲ ನುಣುಪಾದ ಗಾಜು. ಕಣ್ಣು ಕಾಣದವರು ಇದನ್ನು ಹೇಗೆ ಬಳಸುತ್ತಾರೆ? ಅವರ ಮಟ್ಟಿಗೆ ಟಚ್‌ಸ್ಕ್ರೀನ್ ಒಂದು ಹಿನ್ನಡೆಯಲ್ಲವೇ? (ವಿನ್ಯಾಸ ವಿಷಯದ ವಿದ್ಯಾರ್ಥಿನಿ)

ಉತ್ತರ: ಹಿನ್ನಡೆಯಾಗುವ ಅಪಾಯ ನಿಜವಾಗಿಯೂ ಇತ್ತು. ಕೀಪ್ಯಾಡಿನಲ್ಲಿ 5ರ ಗುಂಡಿಯ ಮೇಲಿನ ಸಣ್ಣ ಉಬ್ಬು ಬೆರಳಿಗೆ ಸಿಕ್ಕಿದರೆ ಸಾಕು, ಉಳಿದ ಅಂಕಿಗಳೆಲ್ಲ ಅದರ ಸುತ್ತ ತಮ್ಮ ತಮ್ಮ ಜಾಗದಲ್ಲಿ ಸಿಗುತ್ತಿದ್ದವು. 2000ರ ದಶಕದಲ್ಲಿ ಸಿಂಬಿಯನ್ ಎಂಬ ಕಾರ್ಯವ್ಯವಸ್ಥೆಯ ಫೋನುಗಳಿಗೆ ಟಾಕ್ಸ್, ಮೊಬೈಲ್ ಸ್ಪೀಕ್ ಮುಂತಾದ ತಂತ್ರಾಂಶಗಳು ಬಂದು ಪರದೆಯ ಮೇಲಿನ ಮೆನು ಮತ್ತು ಸಂದೇಶಗಳನ್ನು ಓದಿ ಹೇಳತೊಡಗಿದವು. ಆದರೆ ಅವನ್ನು ಬೇರೆಯಾಗಿ ಕೊಂಡು ಹಾಕಿಸಿಕೊಳ್ಳಬೇಕಿತ್ತು. 2007ರಲ್ಲಿ ಮೊದಲ ಐಫೋನ್ ಬಂದಾಗ ಅದರಲ್ಲಿ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಇರಲಿಲ್ಲ, ಗುಂಡಿಗಳೂ ಬಹುಮಟ್ಟಿಗೆ ಮಾಯವಾಗಿದ್ದವು. ದೃಷ್ಟಿಯಿಲ್ಲದವರಿಗೆ ಅದರ ಮುಖ ಬರಿಯ ಗಾಜಿನ ಹಲಗೆಯಾಗಿತ್ತು.

ತೊಡಕು ಗಾಜು ನುಣುಪಾಗಿದೆ ಎಂಬುದಕ್ಕಿಂತ ಆಳವಾದದ್ದು. ಕೀಪ್ಯಾಡಿನಲ್ಲಿ ಮುಟ್ಟುವುದು ಬೇರೆ, ಒತ್ತುವುದು ಬೇರೆ. ಬೆರಳಾಡಿಸಿ ಹುಡುಕಿ, ಸರಿಯಾದ ಗುಂಡಿ ಎಂದು ಖಚಿತವಾದ ಮೇಲೆ ಒತ್ತಬಹುದು. ಟಚ್‌ಸ್ಕ್ರೀನಿನಲ್ಲಿ ಮುಟ್ಟಿದೊಡನೆ ಕೆಲಸ ನಡೆದುಬಿಡುತ್ತದೆ, ಹುಡುಕಾಟಕ್ಕೆ ಅವಕಾಶವೇ ಇಲ್ಲ. ಇದನ್ನು ಬಿಡಿಸುವ ದಾರಿ, ಮುಟ್ಟುವುದನ್ನೂ ಆಯ್ಕೆ ಮಾಡುವುದನ್ನೂ ಮತ್ತೆ ಬೇರ್ಪಡಿಸುವುದು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶಾನ್ ಕೇನ್, ಜೆಫ್ರಿ ಬಿಗಮ್ ಮತ್ತು ಜೇಕಬ್ ವೊಬ್‌ಬ್ರಾಕ್ 2008ರಲ್ಲಿ ಪ್ರಕಟಿಸಿದ ‘ಸ್ಲೈಡ್ ರೂಲ್’ ಎಂಬ ಸಂಶೋಧನೆ ಇದೇ ದಾರಿಯನ್ನು ತೋರಿಸಿತ್ತು. 2009ರ ಜೂನ್‌ನಲ್ಲಿ ಬಂದ ಐಫೋನ್ 3ಜಿಎಸ್‌ನಲ್ಲಿ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರ್ ಫೋನಿನೊಳಗೇ ಸೇರಿತ್ತು. ಅದೇ ವರ್ಷ ಆಂಡ್ರಾಯ್ಡ್‌ಗೆ ಟಾಕ್‌ಬ್ಯಾಕ್ ಎಂಬ ಅಂಥದೇ ಸ್ಕ್ರೀನ್ ರೀಡರ್ ಬಂತು; ಗೂಗಲ್‌ನಲ್ಲಿ ಈ ಕೆಲಸಕ್ಕೆ ಅಡಿಪಾಯ ಹಾಕಿದವರಲ್ಲಿ ಟಿ. ವಿ. ರಾಮನ್ ಪ್ರಮುಖರು, ಅವರು ಸ್ವತಃ ದೃಷ್ಟಿಯಿಲ್ಲದ ಕಂಪ್ಯೂಟರ್ ವಿಜ್ಞಾನಿ. ಗಾಜಿನ ಮೇಲೆ ಬೆರಳಾಡಿಸಿ ತಿಳಿಯುವ ಸೌಲಭ್ಯ ಆಂಡ್ರಾಯ್ಡ್‌ನಲ್ಲಿ 2011ರ 4.0 ಆವೃತ್ತಿಯೊಂದಿಗೆ ಸೇರಿಕೊಂಡಿತು.

ಈಗ ಸ್ಕ್ರೀನ್ ರೀಡರ್ ಚಾಲನೆಯಲ್ಲಿದ್ದಾಗ ಪರದೆಯನ್ನು ಒಮ್ಮೆ ಮುಟ್ಟಿದರೆ ಬೆರಳಿನಡಿ ಏನಿದೆ ಎಂದು ಫೋನ್ ಹೇಳುತ್ತದೆ, ಅಷ್ಟೇ. ಬೇಕಾದದ್ದು ಸಿಕ್ಕಿದ ಮೇಲೆ ಪರದೆಯ ಯಾವ ಭಾಗದಲ್ಲಾದರೂ ಎರಡು ಬಾರಿ ತಟ್ಟಿದರೆ ಅದು ತೆರೆದುಕೊಳ್ಳುತ್ತದೆ. ಜಾಗ ಗೊತ್ತಿಲ್ಲದಿದ್ದರೆ ಒಂದು ಬೆರಳನ್ನು ಬಲಕ್ಕೆ ಸರಿಸಿದಂತೆಲ್ಲ ಮುಂದಿನ ಅಂಶಕ್ಕೆ, ಎಡಕ್ಕೆ ಸರಿಸಿದಂತೆಲ್ಲ ಹಿಂದಿನದಕ್ಕೆ ಹೋಗಬಹುದು. ಈ ಎರಡನೆಯ ವಿಧಾನವನ್ನು ವಿನ್ಯಾಸಕಾರರು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಬೇಕು. ನೋಡುವವರಿಗೆ ಪರದೆ ಒಂದೇ ನೋಟಕ್ಕೆ ಸಿಗುವ ಚಿತ್ರ; ಕೇಳುವವರಿಗೆ ಅದು ಒಂದರ ನಂತರ ಒಂದು ಬರುವ ಸಾಲು. ಮುಂದಿನ ಉತ್ತರಗಳಲ್ಲಿ ಬರುವ ತೊಂದರೆಗಳಲ್ಲಿ ಹೆಚ್ಚಿನವು ಈ ವ್ಯತ್ಯಾಸವನ್ನು ಮರೆತದ್ದರಿಂದ ಹುಟ್ಟಿದವು.

ಪ್ರಶ್ನೆ: ನಮ್ಮ ತಂಡವು ಕಾಲೇಜಿನ ಕೊನೆಯ ವರ್ಷದ ಯೋಜನೆಗಾಗಿ, ಬ್ರೈಲ್ ಗುಂಡಿಗಳಿರುವ, ಅಂಧರಿಗಾಗಿಯೇ ಮೀಸಲಾದ ಫೋನ್ ತಯಾರಿಸಬೇಕೆಂದಿದೆ. ಇದು ಉಪಯುಕ್ತವೇ? (ಎಂಜಿನಿಯರಿಂಗ್ ವಿದ್ಯಾರ್ಥಿಗಳು)

ಉತ್ತರ: ನಿಮ್ಮ ಕಾಳಜಿಯನ್ನು ಗೌರವಿಸುತ್ತಲೇ, ದಾರಿಯನ್ನು ಮರುಪರಿಶೀಲಿಸಿ ಎಂದು ಕೇಳಿಕೊಳ್ಳುತ್ತೇನೆ. ಮೀಸಲಾದ ಫೋನುಗಳು ಹಿಂದೆಯೂ ಬಂದಿವೆ. ಸ್ಪೇನಿನ ಓವಾಸಿಸ್ ಕಂಪನಿಯು ಪರದೆಯೇ ಇಲ್ಲದ, ಎಲ್ಲವನ್ನೂ ಮಾತಿನಲ್ಲಿ ಹೇಳುವ ಫೋನನ್ನು 2000ರ ದಶಕದಲ್ಲಿ ತಯಾರಿಸಿತ್ತು. ಇಂಥ ಫೋನುಗಳನ್ನು ಕೊಳ್ಳುವವರು ಕಡಿಮೆ ಇರುವುದರಿಂದ ಬೆಲೆ ಏರುತ್ತದೆ, ಹೊಸ ಆವೃತ್ತಿ ತಡವಾಗುತ್ತದೆ, ಉಳಿದವರೆಲ್ಲ ಬಳಸುವ ಆ್ಯಪ್‌ಗಳು ಅದರಲ್ಲಿ ನಡೆಯುವುದಿಲ್ಲ. ಬ್ಯಾಂಕಿನ ಕೆಲಸ, ಟಿಕೆಟ್, ಪಾಠ, ಸಂದೇಶ ಎಲ್ಲವೂ ಆ್ಯಪ್‌ಗಳ ಮೂಲಕವೇ ನಡೆಯುವ ಈ ಕಾಲದಲ್ಲಿ ಬೇರೆ ಫೋನ್ ಎಂದರೆ ಬೇರೆ ಕೋಣೆಯಲ್ಲಿ ಕೂರಿಸಿದಂತೆ. ಗೆಳೆಯರ ಕೈಯಲ್ಲಿರುವ ಫೋನೇ ತನ್ನ ಕೈಯಲ್ಲೂ ಇದ್ದು, ಅದು ತನ್ನೊಂದಿಗೆ ಮಾತನಾಡುವಂತಿರಬೇಕು ಎಂಬುದು ದೃಷ್ಟಿಯಿಲ್ಲದವರ ನ್ಯಾಯವಾದ ಬೇಡಿಕೆ.

ಬ್ರೈಲ್ ವಿಚಾರಕ್ಕೆ ಬಂದರೆ, ಆರು ಚುಕ್ಕಿಗಳ ಈ ಲಿಪಿಗೆ ಆರು ಬೆರಳು ಸಾಕಾಗುವುದರಿಂದ ಗಾಜಿನ ಮೇಲೂ ಅದು ಸಹಜವಾಗಿ ಕೂರುತ್ತದೆ. ಫೋನನ್ನು ಅಡ್ಡಲಾಗಿ, ಪರದೆ ಹೊರಮುಖವಾಗುವಂತೆ ಹಿಡಿದು, ಎರಡೂ ಕೈಗಳ ಮೂರು ಮೂರು ಬೆರಳುಗಳಿಂದ ಒಟ್ಟಿಗೆ ತಟ್ಟಿದರೆ ಅಕ್ಷರ ಮೂಡುತ್ತದೆ. ಈ ಸೌಲಭ್ಯ ಐಫೋನಿನಲ್ಲಿ 2014ರಿಂದ, ಟಾಕ್‌ಬ್ಯಾಕ್‌ನಲ್ಲಿ 2020ರಿಂದ ಇದೆ. ರೂಢಿಯಾದವರು ಇದರಲ್ಲಿ ಸರಾಗವಾಗಿ ಬರೆಯುತ್ತಾರೆ. ಓದುವುದಕ್ಕೆ, ಚುಕ್ಕಿಗಳು ಮೇಲೇಳುವ ಬ್ರೈಲ್ ಡಿಸ್‌ಪ್ಲೇಯನ್ನು ಬ್ಲೂಟೂತ್ ಮೂಲಕ ಸಾಮಾನ್ಯ ಫೋನಿಗೇ ಜೋಡಿಸಬಹುದು. ಕಣ್ಣೂ ಕಿವಿಯೂ ಎರಡೂ ಇಲ್ಲದವರಿಗೆ ಇದೇ ಮುಖ್ಯ ದಾರಿ. ಆದರೆ ಈ ಡಿಸ್‌ಪ್ಲೇಗಳ ಬೆಲೆ ಇಂದಿಗೂ ಹೆಚ್ಚು. ನಿಮ್ಮ ತಂಡದ ಜಾಣ್ಮೆಗೆ ಹೊಂದುವ ಸಮಸ್ಯೆ ಬೇಕಿದ್ದರೆ ಅಗ್ಗದ ಬ್ರೈಲ್ ಡಿಸ್‌ಪ್ಲೇ ನಿಮ್ಮೆದುರಿಗಿದೆ.

ಒಂದು ಮಾತನ್ನು ಸೇರಿಸಬೇಕು. ಇಳಿವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರಲ್ಲಿ, ಸಕ್ಕರೆ ಕಾಯಿಲೆಯಿಂದ ಬೆರಳಿನ ಸ್ಪರ್ಶವೂ ಕುಗ್ಗಿದವರಲ್ಲಿ ಕೆಲವರಿಗೆ ದೊಡ್ಡ ಗುಂಡಿಗಳ, ಮಾತನಾಡುವ ಸರಳ ಫೋನೇ ಹಿತವಾಗಿರುತ್ತದೆ. ಅವರು ತಾವಾಗಿ ಆರಿಸಿಕೊಂಡದ್ದನ್ನು ಯಾರೂ ಹಳಿಯಬೇಕಾಗಿಲ್ಲ.

ಪ್ರಶ್ನೆ: ನಾನು ಆ್ಯಪ್ ತಯಾರಿಸುವ ಸಣ್ಣ ಸಂಸ್ಥೆಯಲ್ಲಿದ್ದೇನೆ. ನಮ್ಮ ಆ್ಯಪ್ ಬರೀ “ಬಟನ್, ಬಟನ್” ಎನ್ನುತ್ತದೆ ಎಂದು ದೃಷ್ಟಿಯಿಲ್ಲದ ಗ್ರಾಹಕರೊಬ್ಬರು ದೂರಿದ್ದಾರೆ. ಫೋನಿನಲ್ಲೇ ಸ್ಕ್ರೀನ್ ರೀಡರ್ ಇರುವಾಗ ನಾವು ಮಾಡಬೇಕಾದದ್ದೇನು? (ತಂತ್ರಾಂಶ ಅಭಿವೃದ್ಧಿಕಾರ)

ಉತ್ತರ: ಸ್ಕ್ರೀನ್ ರೀಡರ್ ಪರದೆಯನ್ನು ಕಣ್ಣಿನಂತೆ ನೋಡುವುದಿಲ್ಲ, ನೀವು ಆ್ಯಪ್‌ನೊಳಗೆ ಬರೆದಿಟ್ಟ ಮಾಹಿತಿಯನ್ನು ಓದುತ್ತದೆ. ಪ್ರತಿಯೊಂದು ಅಂಶದ ಬಗ್ಗೆ ಅದಕ್ಕೆ ಮುಖ್ಯವಾಗಿ ಮೂರು ಸಂಗತಿಗಳು ಬೇಕು: ಹೆಸರೇನು, ಅದು ಬಟನ್ನೋ ಕೊಂಡಿಯೋ ಅಕ್ಷರ ತುಂಬುವ ಜಾಗವೋ, ಮತ್ತು ಈಗ ಅದರ ಸ್ಥಿತಿ ಏನು. ಹೃದಯದ ಚಿತ್ರವಿರುವ ಬಟನ್‌ಗೆ ನೀವು ಹೆಸರು ಕೊಟ್ಟಿಲ್ಲದಿದ್ದರೆ ಪಾಪ, ಅದು “ಬಟನ್” ಎಂದಷ್ಟೇ ಹೇಳಬಲ್ಲದು. ಹೆಸರು ಕೊಡುವಾಗಲೂ ಚಿತ್ರ ಹೇಗಿದೆ ಎಂಬುದನ್ನಲ್ಲ, ಒತ್ತಿದರೆ ಏನಾಗುತ್ತದೆ ಎಂಬುದನ್ನು ಬರೆಯಿರಿ. “ಹೃದಯ” ಎನ್ನುವುದಕ್ಕಿಂತ “ಮೆಚ್ಚಿನ ಪಟ್ಟಿಗೆ ಸೇರಿಸಿ” ಎಂಬುದು ಉಪಯೋಗಕ್ಕೆ ಬರುತ್ತದೆ. ಹೆಸರಿನ ಕೊನೆಯಲ್ಲಿ “ಬಟನ್” ಎಂದು ನೀವೇ ಸೇರಿಸಬೇಡಿ, ಏಕೆಂದರೆ ಆ ಮಾತನ್ನು ಸ್ಕ್ರೀನ್ ರೀಡರ್ ತಾನೇ ಹೇಳುತ್ತದೆ. ಎರಡೆರಡು ಬಾರಿ ಕೇಳುವ ಪ್ರತಿ ಪದವೂ ಬಳಸುವವರ ಸಮಯವನ್ನು ತಿನ್ನುತ್ತದೆ. ಅಲಂಕಾರಕ್ಕಾಗಿ ಇಟ್ಟ ಚಿತ್ರಗಳನ್ನು ಅದು ಓದದೆ ಬಿಡುವಂತೆ ಗುರುತು ಮಾಡಿ.

ಹೆಸರಿನ ನಂತರ ಅನುಕ್ರಮ. ಪರದೆಯ ಮೇಲೆ ಬೆಲೆ, ವಸ್ತುವಿನ ಹೆಸರು, ಕೊಳ್ಳುವ ಬಟನ್ ಒಂದೇ ಚೌಕಟ್ಟಿನಲ್ಲಿ ಕಂಡರೂ, ಓದುವ ಸಾಲಿನಲ್ಲಿ ಎಲ್ಲ ವಸ್ತುಗಳ ಹೆಸರು ಮೊದಲು, ಎಲ್ಲ ಬೆಲೆಗಳು ಆಮೇಲೆ ಬಂದರೆ ಯಾವ ಬೆಲೆ ಯಾವುದಕ್ಕೆ ಎಂಬುದು ತಿಳಿಯದು. ಒಟ್ಟಿಗೆ ಇರಬೇಕಾದವನ್ನು ಒಂದೇ ಅಂಶವಾಗಿ ಕೂಡಿಸಿ. ವಿಭಾಗಗಳ ತಲೆಬರಹವನ್ನು ಬರಿಯ ದಪ್ಪಕ್ಷರದಲ್ಲಿ ತೋರಿಸದೆ ತಲೆಬರಹ ಎಂದೇ ಗುರುತಿಸಿ, ಆಗ ಬಳಸುವವರು ಒಂದು ತಲೆಬರಹದಿಂದ ಇನ್ನೊಂದಕ್ಕೆ ಹಾರುತ್ತ ಹೋಗಿ ಬೇಕಾದ ಕಡೆ ನಿಲ್ಲಬಹುದು. ಪಾಪ್‌ಅಪ್ ತೆರೆದಾಗ ಓದುವ ಜಾಗ ಅದರೊಳಗೆ ಹೋಗಬೇಕು, ಮುಚ್ಚಿದಾಗ ಬಿಟ್ಟ ಜಾಗಕ್ಕೇ ಮರಳಬೇಕು. ಎಷ್ಟೋ ಆ್ಯಪ್‌ಗಳಲ್ಲಿ ಪಾಪ್‌ಅಪ್ ಕಣ್ಣಿಗೆ ಮೇಲೆ ಕಾಣುತ್ತಿದ್ದರೂ ಸ್ಕ್ರೀನ್ ರೀಡರ್ ಅದರ ಹಿಂದಿನ ಪುಟವನ್ನೇ ಓದುತ್ತಿರುತ್ತದೆ, ಮತ್ತು ಏಕೆ ಯಾವ ಬಟನ್ನೂ ಕೆಲಸ ಮಾಡುತ್ತಿಲ್ಲ ಎಂದು ಬಳಸುವವರು ಕಂಗಾಲಾಗುತ್ತಾರೆ.

ಮೂರನೆಯದು, ಸದ್ದಿಲ್ಲದೆ ನಡೆಯುವ ಬದಲಾವಣೆಗಳು. ತಪ್ಪಾಗಿ ತುಂಬಿದ ಜಾಗದ ಸುತ್ತ ಕೆಂಪು ಗೆರೆ ಮೂಡುವುದು, ಹಣ ಹೋದ ಮೇಲೆ ಹಸಿರು ಗುರುತು ಬರುವುದು, ಪುಟ ತುಂಬುವಾಗ ಚಕ್ರ ತಿರುಗುವುದು ಇವೆಲ್ಲ ಕಿವಿಗೆ ಕೇಳಿಸುವುದಿಲ್ಲ. ಹಣ ಪಾವತಿಯ ಪುಟ ಮೌನವಾಗಿದ್ದರೆ ಪಾವತಿ ಆಯಿತೋ ಇಲ್ಲವೋ ತಿಳಿಯದೆ ಮತ್ತೊಮ್ಮೆ ಒತ್ತುವ ಸಂಭವವಿದೆ. ಆದ್ದರಿಂದ ಇಂಥ ಬದಲಾವಣೆಗಳನ್ನು ಸ್ಕ್ರೀನ್ ರೀಡರ್ ತಾನಾಗಿ ಘೋಷಿಸುವಂತೆ ಬರೆಯಬೇಕು. ಕಾಲಮಿತಿಯ ವಿಚಾರದಲ್ಲೂ ಎಚ್ಚರ ಬೇಕು: ಒಟಿಪಿ ಬಂದ ಸಂದೇಶವನ್ನು ಕೇಳಿ, ನೆನಪಿಟ್ಟು, ಮರಳಿ ಬಂದು ತುಂಬುವಷ್ಟರಲ್ಲಿ ಪುಟದ ಅವಧಿ ಮುಗಿಯುತ್ತದೆ. ವೆಬ್ ಸುಗಮ್ಯತೆಗಾಗಿ ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡಿರುವ ಡಬ್ಲ್ಯುಸಿಎಜಿ ಮಾರ್ಗಸೂಚಿಯು ಇದಕ್ಕೆ ಕೊಡುವ ದಾರಿಗಳಲ್ಲಿ ಒಂದೆಂದರೆ, ಅವಧಿ ಮುಗಿಯುವ ಮೊದಲು ಎಚ್ಚರಿಸಿ, ಅದನ್ನು ಸರಳವಾಗಿ ವಿಸ್ತರಿಸಿಕೊಳ್ಳಲು ಕನಿಷ್ಠ 20 ಸೆಕೆಂಡು ಕೊಡುವುದು. ಚಿತ್ರಗಳಲ್ಲಿ ಬಸ್ಸು ಎಲ್ಲಿದೆ ಎಂದು ಕೇಳುವ ಪರೀಕ್ಷೆಯನ್ನು, ಬೇರೆ ದಾರಿ ಕೊಡದೆ, ದಯವಿಟ್ಟು ಇಡಬೇಡಿ. ಅದು ಬಾಗಿಲಿಗೆ ಬೀಗ ಹಾಕಿದಂತೆಯೇ ಸರಿ.

ಕನ್ನಡದ ಆ್ಯಪ್‌ಗಳಿಗೆ ಇನ್ನೊಂದು ಮಾತು. ಪಠ್ಯ ಯಾವ ಭಾಷೆಯದು ಎಂಬುದನ್ನು ಗುರುತಿಸಿಡಿ; ಇಲ್ಲವಾದರೆ ಇಂಗ್ಲಿಷ್ ಧ್ವನಿಯು ಕನ್ನಡ ಸಾಲುಗಳನ್ನು ಓದದೆ ದಾಟಿ ಹೋಗಬಹುದು. ಅಕ್ಷರಗಳನ್ನು ಚಿತ್ರವಾಗಿ ಅಂಟಿಸಿದ ಪ್ರಕಟಣೆಗಳಿಗಂತೂ ಜೊತೆಯಲ್ಲಿ ಪಠ್ಯ ಇರಲೇಬೇಕು.

ಪ್ರಶ್ನೆ: ನಮ್ಮ ತಂದೆಯವರಿಗೆ ವಯಸ್ಸಿನೊಂದಿಗೆ ಬರುವ ಮ್ಯಾಕ್ಯುಲಾ (ಅಕ್ಷಿಪಟದ ನಡುಭಾಗ) ಸವೆತದಿಂದ ದೃಷ್ಟಿ ಮಂದವಾಗಿದೆ, ಪೂರ್ತಿ ಹೋಗಿಲ್ಲ. ಫೋನಿನ ಅಕ್ಷರಗಳನ್ನು ದೊಡ್ಡದು ಮಾಡಿಕೊಟ್ಟರೆ ಕೆಲವು ಆ್ಯಪ್‌ಗಳಲ್ಲಿ ಸಾಲುಗಳು ಅರ್ಧಕ್ಕೆ ತುಂಡಾಗುತ್ತವೆ, ಬಟನ್‌ಗಳೇ ಕಾಣೆಯಾಗುತ್ತವೆ. ಮಾತನಾಡುವ ಫೋನ್ ತಮಗೆ ಬೇಡ ಎನ್ನುತ್ತಾರೆ. (ಒಬ್ಬ ಓದುಗರು)

ಉತ್ತರ: ನಿಮ್ಮ ತಂದೆಯವರು ಕೇಳುತ್ತಿರುವುದು ಸರಿಯಾಗಿಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯ ಪ್ರಕಾರ ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ಸಮೀಪದ ಅಥವಾ ದೂರದ ದೃಷ್ಟಿಯಲ್ಲಿ ಯಾವುದಾದರೊಂದು ಕೊರತೆ ಇದೆ. ಅವರಲ್ಲಿ ಪೂರ್ಣ ಅಂಧತ್ವ ಇರುವವರು ಸಣ್ಣ ಪಾಲು. ಉಳಿದವರು ಕಣ್ಣನ್ನೇ ಬಳಸಬಯಸುತ್ತಾರೆ. ಹೀಗಿದ್ದರೂ ವಿನ್ಯಾಸದ ಚರ್ಚೆಯಲ್ಲಿ ಅವರು ಹೆಚ್ಚಾಗಿ ಮರೆತುಹೋಗುತ್ತಾರೆ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ.

ಮಂದದೃಷ್ಟಿ ಒಂದೇ ಬಗೆಯದಲ್ಲ. ಮ್ಯಾಕ್ಯುಲಾ ಸವೆತದಲ್ಲಿ ನೋಟದ ನಡುಭಾಗ ಮಸುಕಾಗುವುದರಿಂದ ದೊಡ್ಡ ಅಕ್ಷರ ನೆರವಾಗುತ್ತದೆ. ಗ್ಲುಕೋಮಾ ಮತ್ತು ರೆಟಿನೈಟಿಸ್ ಪಿಗ್ಮೆಂಟೋಸಾ ಬಲಿತಾಗ ಅಂಚಿನ ನೋಟ ಹೋಗಿ ಕೊಳವೆಯಲ್ಲಿ ನೋಡಿದಂತಾಗುತ್ತದೆ. ಅಂಥವರಿಗೆ ಅತಿ ದೊಡ್ಡ ಅಕ್ಷರ ಕೊಟ್ಟರೆ ಒಂದು ಬಾರಿಗೆ ಕಾಣುವ ಪದಗಳೇ ಕಡಿಮೆಯಾಗಿ ಓದು ಇನ್ನಷ್ಟು ಕಷ್ಟವಾಗಬಹುದು, ಪರದೆಯ ಮೂಲೆಯಲ್ಲಿ ಮೂಡಿ ಮರೆಯಾಗುವ ಸೂಚನೆ ಕಾಣುವುದೇ ಇಲ್ಲ. ಪೊರೆ ಬಂದವರಿಗೆ ಬಿಳಿ ಹಿನ್ನೆಲೆಯ ಪ್ರಖರತೆ ಕಣ್ಣು ಕುಕ್ಕುತ್ತದೆ, ಕಪ್ಪು ಹಿನ್ನೆಲೆ ಹಿತವಾಗುತ್ತದೆ. ಆದ್ದರಿಂದ “ಮಂದದೃಷ್ಟಿಯವರ ಆವೃತ್ತಿ” ಎಂದು ಒಂದನ್ನು ಮಾಡಿಟ್ಟು ಕೈತೊಳೆದುಕೊಳ್ಳಲು ಬರುವುದಿಲ್ಲ. ಗಾತ್ರ, ಬಣ್ಣ, ಹೊಳಪು ಇವನ್ನು ಅವರವರ ಕಣ್ಣಿಗೆ ತಕ್ಕಂತೆ ಹೊಂದಿಸಿಕೊಳ್ಳಲು ಬಿಡಬೇಕು, ಮತ್ತು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ಆರಿಸಿದ್ದನ್ನು ಪ್ರತಿಯೊಂದು ಆ್ಯಪ್ ಪಾಲಿಸಬೇಕು.

ಸಾಲು ತುಂಡಾಗುವುದಕ್ಕೆ ಕಾರಣ, ಆ್ಯಪ್ ಬರೆದವರು ಪೆಟ್ಟಿಗೆಯ ಎತ್ತರವನ್ನು ಗಟ್ಟಿಯಾಗಿ ನಿಗದಿ ಮಾಡಿಟ್ಟಿರುವುದು. ಅಕ್ಷರ ಬೆಳೆದಂತೆ ಪೆಟ್ಟಿಗೆಯೂ ಬೆಳೆದು, ಉಳಿದದ್ದು ಕೆಳಗೆ ಸರಿಯುವಂತೆ ಬರೆಯಬೇಕು, ಅಕ್ಷರವನ್ನು ಶೇ. 200ರವರೆಗೆ ಹಿಗ್ಗಿಸಿದರೂ ಯಾವುದೂ ಕಳೆದುಹೋಗಬಾರದೆಂದು ಡಬ್ಲ್ಯುಸಿಎಜಿ ಹೇಳುತ್ತದೆ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ, ಇಂಗ್ಲಿಷಿಗಾಗಿ ಅಳೆದ ಎತ್ತರದಲ್ಲಿ ಅವು ಮೊದಲು ಕತ್ತರಿಸಿಹೋಗುತ್ತವೆ. ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ಹೊಳಪಿನ ನಡುವಿನ ವ್ಯತ್ಯಾಸಕ್ಕೂ ಅದೇ ಮಾರ್ಗಸೂಚಿಯಲ್ಲಿ ಅಳತೆ ಇದೆ: ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1. ಬಿಳಿಯ ಮೇಲೆ 767676 ಸಂಕೇತದ ಬೂದುಬಣ್ಣ ಈ ಮಿತಿಯನ್ನು ಕೂದಲೆಳೆಯ ಅಂತರದಲ್ಲಿ ದಾಟುತ್ತದೆ. ಈಚೆಗೆ ಮೆಚ್ಚುಗೆ ಗಳಿಸಿರುವ, ಅದಕ್ಕಿಂತ ತಿಳಿಯಾದ ಬೂದುಬಣ್ಣದ ಅಕ್ಷರಗಳೆಲ್ಲ ದಾಟುವುದಿಲ್ಲ. ಅವು ಅಂದವಾಗಿವೆ ಎನ್ನುವವರು ಬಿಸಿಲಿನಲ್ಲಿ ನಿಂತು ಒಮ್ಮೆ ಓದಿ ನೋಡಲಿ.

ನೀವು ಈಗಲೇ ಮಾಡಬಹುದಾದದ್ದು: ಅಕ್ಷರದ ಗಾತ್ರವನ್ನು ಸಾಲು ತುಂಡಾಗದಷ್ಟಕ್ಕೆ ನಿಲ್ಲಿಸಿ, ಅದಕ್ಕಿಂತ ಹೆಚ್ಚು ಬೇಕಾದ ಕಡೆ ಇಡೀ ಪರದೆಯನ್ನು ಹಿಗ್ಗಿಸುವ ಮ್ಯಾಗ್ನಿಫಿಕೇಶನ್ ಸೌಲಭ್ಯವನ್ನು ತಂದೆಯವರಿಗೆ ಕಲಿಸಿಕೊಡಿ. ದಪ್ಪಕ್ಷರದ ಆಯ್ಕೆಯನ್ನೂ ಹಾಕಿ ನೋಡಿ. ಉದ್ದನೆಯ ಬರಹಗಳಿಗೆ ಮಾತ್ರ, ಆಯ್ದ ಭಾಗವನ್ನಷ್ಟೇ ಓದಿ ಹೇಳುವ ಸೌಲಭ್ಯವೂ ಇದೆ. ಅದು ಪೂರ್ಣ ಸ್ಕ್ರೀನ್ ರೀಡರ್ ಅಲ್ಲವಾದ್ದರಿಂದ ಅವರು ಒಪ್ಪಿಕೊಳ್ಳಬಹುದು.

ಪ್ರಶ್ನೆ: ಫೋನ್ ಎಲ್ಲವನ್ನೂ ಗಟ್ಟಿಯಾಗಿ ಓದಿದರೆ ಗುಟ್ಟು ಉಳಿಯುವುದು ಹೇಗೆ?

ಉತ್ತರ: ಇಯರ್‌ಫೋನ್ ಮೊದಲ ರಕ್ಷಣೆ, ಆದರೆ ರಸ್ತೆಯಲ್ಲಿ ನಡೆಯುವಾಗ ಎರಡೂ ಕಿವಿ ಮುಚ್ಚಿಕೊಳ್ಳುವುದು ದೃಷ್ಟಿಯಿಲ್ಲದವರಿಗೆ ಅಪಾಯ. ಕಿವಿಯನ್ನು ತೆರೆದೇ ಇಟ್ಟು, ಮೂಳೆಯ ಕಂಪನದ ಮೂಲಕ ಕೇಳಿಸುವ ಹೆಡ್‌ಫೋನ್‌ಗಳನ್ನು ಹಲವರು ಇಷ್ಟಪಡುವುದು ಇದಕ್ಕಾಗಿ. ಪಕ್ಕದವರ ಕಣ್ಣಿನಿಂದಲೂ ರಕ್ಷಣೆ ಬೇಕು, ಏಕೆಂದರೆ ಯಾರು ಇಣುಕುತ್ತಿದ್ದಾರೆ ಎಂಬುದು ಇವರಿಗೆ ತಿಳಿಯುವುದಿಲ್ಲ. ಅದಕ್ಕಾಗಿ ಸ್ಕ್ರೀನ್ ರೀಡರ್ ಕೆಲಸ ಮಾಡುತ್ತಿರುವಾಗಲೇ ಪರದೆಯನ್ನು ಪೂರ್ತಿ ಕಪ್ಪಾಗಿಸುವ ಸೌಲಭ್ಯವಿದೆ.

ಪ್ರಶ್ನೆ: ನನ್ನ ಫೋನ್ ಇದ್ದಕ್ಕಿದ್ದಂತೆ ಮಾತನಾಡತೊಡಗಿತು, ಮುಟ್ಟಿದರೆ ಏನೂ ತೆರೆಯುತ್ತಿರಲಿಲ್ಲ. ಇಂಥ ಸೌಲಭ್ಯ ಇಷ್ಟು ಸುಲಭವಾಗಿ ಚಾಲನೆಯಾಗುವಂತೆ ಇಟ್ಟಿರುವುದೇಕೆ? (ದೃಷ್ಟಿ ಸರಿಯಿರುವ ಓದುಗರು)

ಉತ್ತರ: ಅದು ಟಾಕ್‌ಬ್ಯಾಕ್ ಆಗಿರಬೇಕು. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಧ್ವನಿ ಏರಿಸುವ ಮತ್ತು ಇಳಿಸುವ ಎರಡೂ ಗುಂಡಿಗಳನ್ನು ಸುಮಾರು 3 ಸೆಕೆಂಡು ಒಟ್ಟಿಗೆ ಒತ್ತಿಹಿಡಿದರೆ ಅದು ಶುರುವಾಗುತ್ತದೆ, ಹಾಗೆಯೇ ನಿಲ್ಲುತ್ತದೆ. ನಿಲ್ಲದಿದ್ದರೆ ಒಂದು ಬಾರಿ ಮುಟ್ಟಿ ಆರಿಸಿ, ಎರಡು ಬಾರಿ ತಟ್ಟಿ ತೆರೆಯುತ್ತ, ಎರಡು ಬೆರಳಿನಿಂದ ಪುಟ ಸರಿಸುತ್ತ ಸೆಟ್ಟಿಂಗ್ಸ್‌ಗೆ ಹೋಗಿ ನಿಲ್ಲಿಸಬಹುದು. ಈ ದಾರಿ ಇಷ್ಟು ಹತ್ತಿರದಲ್ಲಿ ಇರಲೇಬೇಕು. ಹೊಸ ಫೋನಿನ ಪೆಟ್ಟಿಗೆ ಬಿಚ್ಚಿದ ವ್ಯಕ್ತಿ, ಪರದೆಯ ಮೇಲೆ ಏನಿದೆ ಎಂದು ತಿಳಿಯುವ ಮೊದಲೇ, ಯಾರ ಸಹಾಯವನ್ನೂ ಕೇಳದೆ ಅದನ್ನು ಮಾತನಾಡಿಸಬೇಕು. ಅದು ಸೆಟ್ಟಿಂಗ್ಸ್‌ನ ನಾಲ್ಕನೆಯ ಪುಟದಲ್ಲಿ ಅಡಗಿದ್ದರೆ ಇದ್ದೂ ಇಲ್ಲದಂತೆ.

ಪ್ರಶ್ನೆ: ಕ್ಯಾಮೆರಾ ಹಿಡಿದರೆ ಎದುರಿನ ದೃಶ್ಯವನ್ನು ವಿವರಿಸುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಬಂದಿವೆ. ಇನ್ನು ಮುಂದೆ ಪ್ರತ್ಯೇಕ ಶ್ರಮ ಬೇಕೇ?

ಉತ್ತರ: ಈ ಆ್ಯಪ್‌ಗಳು ತಂದ ಸ್ವಾತಂತ್ರ್ಯ ದೊಡ್ಡದು. 2015ರಲ್ಲಿ ಆರಂಭವಾದ ‘ಬಿ ಮೈ ಐಸ್’ ವಿಡಿಯೊ ಕರೆಯ ಮೂಲಕ ಸ್ವಯಂಸೇವಕರ ಕಣ್ಣನ್ನು ಎರವಲು ಕೊಟ್ಟಿತು. 2017ರಲ್ಲಿ ಮೈಕ್ರೋಸಾಫ್ಟ್ ತಂದ ‘ಸೀಯಿಂಗ್ ಎಐ’ ಕಾಗದದ ಬರಹವನ್ನೂ ವಸ್ತುಗಳನ್ನೂ ತಾನೇ ಗುರುತಿಸಿ ಹೇಳತೊಡಗಿತು. ಆದರೆ ಯಂತ್ರವು ತಪ್ಪನ್ನೂ ಸರಿಯಾದದ್ದನ್ನು ಹೇಳುವಷ್ಟೇ ದೃಢವಾದ ಧ್ವನಿಯಲ್ಲಿ ಹೇಳುತ್ತದೆ, ಕಾಣದವರು ಅದನ್ನು ಪರೀಕ್ಷಿಸುವಂತಿಲ್ಲ. ಔಷಧಿಯ ಪ್ರಮಾಣವನ್ನೋ ಹಣದ ಮೊತ್ತವನ್ನೋ ಊಹೆಗೆ ಬಿಡಲಾಗದು. ಬಟನ್ ಬರೆದವರಿಗೆ ಅದರ ಕೆಲಸ ಖಚಿತವಾಗಿ ಗೊತ್ತಿರುವಾಗ, ಅದನ್ನು ಇನ್ನೊಂದು ಯಂತ್ರ ಊಹಿಸಲಿ ಎಂದು ಬಿಡುವುದು ಸರಿಯಲ್ಲ.

ಪ್ರಶ್ನೆ: ಫೋನಿನ ಹೊರರೂಪದಲ್ಲಿ ಗಮನಿಸಬೇಕಾದದ್ದೇನು? ತಯಾರಾದ ಮೇಲೆ ಪರೀಕ್ಷಿಸುವುದು ಹೇಗೆ? (ಉತ್ಪನ್ನ ವಿನ್ಯಾಸಕಿ)

ಉತ್ತರ: ಬೆರಳಿಗೆ ಗುರುತು ಸಿಗುವಂತೆ ಮಾಡಿ. ಪವರ್ ಗುಂಡಿಯೂ ಧ್ವನಿಯ ಗುಂಡಿಗಳೂ ಒಂದೇ ಆಕಾರದಲ್ಲಿ ಒಂದೇ ಸಾಲಿನಲ್ಲಿದ್ದರೆ ತಪ್ಪುವುದು ಸಹಜ. ಒಂದರ ಮೇಲ್ಮೈ ತುಸು ಒರಟಾಗಿದ್ದರೂ ಸಾಕು. ಗಾಜಿನಡಿ ಅಡಗಿದ ಬೆರಳಚ್ಚು ಸಂವೇದಕಕ್ಕಿಂತ ಪಕ್ಕದಲ್ಲಿ ತಗ್ಗಾಗಿರುವ ಸಂವೇದಕ ಕೈಗೆ ಸುಲಭವಾಗಿ ಸಿಗುತ್ತದೆ. ಮುಖ ನೋಡಿ ತೆರೆಯುವ ಫೋನು, ಕಣ್ಣು ಪರದೆಯತ್ತ ನೆಟ್ಟಿರಬೇಕೆಂದು ಹಟ ಹಿಡಿದರೆ ದೃಷ್ಟಿಯಿಲ್ಲದವರಿಗೆ ಅದು ತೆರೆಯುವುದೇ ಇಲ್ಲ; ಐಫೋನನ್ನು ಮೊದಲು ಸಿದ್ಧಪಡಿಸುವಾಗಲೇ ವಾಯ್ಸ್‌ಓವರ್ ಹಾಕಿದ್ದರೆ ಆ ಷರತ್ತು ತಾನಾಗಿ ಸಡಿಲವಾಗಿರುವುದು ಒಳ್ಳೆಯ ಮಾದರಿ. ಪರದೆಯ ಮೇಲಿನ ಬಟನ್‌ಗಳ ಅಗಲ, ಎತ್ತರ ಆಂಡ್ರಾಯ್ಡ್ ಸೂಚಿಸುವಂತೆ 48 ಡಿಪಿ (ಪರದೆಯ ಅಂಶಗಳನ್ನು ಅಳೆಯುವ ಮಾನ), ಅಂದರೆ ಸುಮಾರು 9 ಮಿಲಿಮೀಟರ್, ಇರಲಿ.

ಪರೀಕ್ಷೆಯ ಬಗ್ಗೆ ನನ್ನ ಅಭಿಪ್ರಾಯ ಖಚಿತವಾದದ್ದು. ತಾನಾಗಿ ದೋಷ ಹುಡುಕುವ ತಂತ್ರಾಂಶಗಳು ಹೆಸರಿಲ್ಲದ ಬಟನ್ನನ್ನು ಹಿಡಿದುಕೊಡುತ್ತವೆ, ತಪ್ಪು ಹೆಸರಿನ ಬಟನ್ನನ್ನು ಹಿಡಿಯುವುದಿಲ್ಲ. ನೀವೇ ಸ್ಕ್ರೀನ್ ರೀಡರ್ ಹಾಕಿ, ಪರದೆಯನ್ನು ಕಪ್ಪಾಗಿಸಿ ಬಳಸಿ ನೋಡುವುದು ಉಪಯುಕ್ತ, ಆದರೂ ಅರ್ಧ ಗಂಟೆ ಕಣ್ಣು ಮುಚ್ಚಿದವರ ಅನುಭವವೇ ಬೇರೆ, ವರ್ಷಗಟ್ಟಲೆ ಕಿವಿಯಿಂದಲೇ ಫೋನ್ ನಡೆಸಿದವರ ಅನುಭವವೇ ಬೇರೆ. ನುರಿತವರು ಕೇಳುವ ಮಾತಿನ ವೇಗ ಹೊಸಬರಿಗೆ ಅರ್ಥವೇ ಆಗುವುದಿಲ್ಲ. ಆದ್ದರಿಂದ ದೃಷ್ಟಿಯಿಲ್ಲದವರನ್ನೂ ಬೇರೆ ಬೇರೆ ಬಗೆಯ ಮಂದದೃಷ್ಟಿಯವರನ್ನೂ, ನುರಿತವರನ್ನೂ ಹೊಸಬರನ್ನೂ, ಸರಿಯಾದ ಸಂಭಾವನೆ ಕೊಟ್ಟು, ಮೊದಲ ಕರಡು ಚಿತ್ರದ ಹಂತದಲ್ಲೇ ಜೊತೆಗೆ ಕೂರಿಸಿಕೊಳ್ಳಿ. ಎಲ್ಲ ಮುಗಿದ ಮೇಲೆ ತೋರಿಸಿದರೆ ಅವರು ಹೇಳಿದ್ದನ್ನು ತಿದ್ದಲು ಸಮಯವೂ ಇರುವುದಿಲ್ಲ, ಮನಸ್ಸೂ ಇರುವುದಿಲ್ಲ. ಅವರಿಗೆ “ಇದು ಹೇಗಿದೆ?” ಎಂದು ಕೇಳುವುದಕ್ಕಿಂತ, ಖಾತೆ ತೆರೆಯುವುದು, ಹಣ ಕಳುಹಿಸುವುದು, ತಪ್ಪಾದ ಆದೇಶವನ್ನು ರದ್ದು ಮಾಡುವುದು ಇಂಥ ಪೂರ್ಣ ಕೆಲಸವನ್ನು ಕೊಟ್ಟು, ನಡುವೆ ಬಾಯಿ ಹಾಕದೆ, ಎಲ್ಲಿ ನಿಂತರು ಎಂಬುದನ್ನು ಗುರುತು ಹಾಕಿಕೊಳ್ಳಿ. ಅದೇ ಕೆಲಸಗಳ ಪಟ್ಟಿಯನ್ನು ಪ್ರತಿ ಅಪ್‌ಡೇಟ್‌ಗೂ ಮೊದಲು ಮತ್ತೆ ನಡೆಸಿ, ಏಕೆಂದರೆ ನಿನ್ನೆಯವರೆಗೆ ಓದುತ್ತಿದ್ದ ಬಟನ್ ಹೊಸ ಆವೃತ್ತಿಯಲ್ಲಿ ಮೂಕವಾಗುವುದು ಈ ಕ್ಷೇತ್ರದಲ್ಲಿ ಪದೇ ಪದೇ ಕೇಳಿಬರುವ ದೂರು.